ವಿಶ್ವಕೋಶವೂ ವಂದಿಮಾಗಧರೂ

ನಮ್ಮ ಕಲಬುರಗಿಯ ವಿದ್ಯಾವಂತರ ಗೋಷ್ಠಿಗಳಲ್ಲಿ ಈಚೆಗೆ ಒಂದು ಆಕ್ಷೇಪವು ಪದೇ ಪದೇ ಕೇಳಿಬರುತ್ತಲಿದೆ. ಅಂತರ್ಜಾಲದಲ್ಲಿ ಸರ್ವಜನರಿಂದಲೂ ಬರೆಯಲ್ಪಡುತ್ತಿರುವ ವಿಕಿಪೀಡಿಯವೆಂಬ ವಿಶ್ವಕೋಶದ ಕನ್ನಡ ಶಾಖೆಯಲ್ಲಿ ಹೊಸತಾಗಿ ಲೇಖನಿ ಹಿಡಿದವರಿಗೆ ವಿಧಿನಿಷೇಧಗಳ ಉಪದ್ರವವು ಅತಿಯಾಗಿದೆ ಎಂಬುದೇ ಆ ಆಕ್ಷೇಪದ ಸಾರಾಂಶ. “ನಮ್ಮ ಊರಿನ ಸಂಗತಿಯನ್ನು ನಮ್ಮ ಭಾಷೆಯಲ್ಲಿ ನಾವು ಪುಕ್ಕಟೆಯಾಗಿ ಬರೆದು ಕೊಟ್ಟರೆ, ಅದನ್ನು ಅಳಿಸಿ ಹಾಕಲು ಇವರಾರು?” ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಅಭಿಮಾನವಿದೆ, ಅಭಿಮಾನವು ದೋಷವಲ್ಲ. ಆದರೆ ಅಭಿಮಾನದ ಜೊತೆಗೆ ಇರಬೇಕಾದ ವಿಚಾರವು ಇದರಲ್ಲಿ ಸಾಲದಾಗಿದೆಯೆಂದು ನಮಗೆ ತೋರುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡಲು ಬಯಸುತ್ತೇವೆ.

ಹೊಸಬರಿಗೆ ಕಹಿಯಾಗಿ ತೋರುವ ನಿಯಮಗಳು ಮುಖ್ಯವಾಗಿ ಎರಡು. ಪರರ ಗ್ರಂಥದಿಂದ ವಾಕ್ಯಗಳನ್ನು ಎತ್ತಿ ತಂದು ಇಲ್ಲಿ ಇಡಬಾರದು ಎಂಬುದು ಮೊದಲನೆಯದು. ಇದು ಗ್ರಂಥಸ್ವಾಮ್ಯದ ನಿಯಮ. ತನ್ನ ವಿಷಯವಾಗಿ, ತನ್ನ ಮನೆತನದ ವಿಷಯವಾಗಿ, ತನ್ನ ಸಂಸ್ಥೆಯ ಅಥವಾ ತನಗೆ ಸಂಬಳ ಕೊಡುವ ಧಣಿಗಳ ವಿಷಯವಾಗಿ ತಾನೇ ಬರೆಯದಿರುವುದು ಲೇಸು, ಬರೆಯಬೇಕಾದಲ್ಲಿ ಆ ಸಂಬಂಧವನ್ನು ಬಹಿರಂಗಪಡಿಸಿ ಪರರ ಪರಿಶೀಲನೆಗೆ ಒಪ್ಪಿಸಬೇಕು ಎಂಬುದು ಎರಡನೆಯದು. ಇದು ಸ್ವಹಿತಸಂಘರ್ಷದ ನಿಯಮ. ಈ ಎರಡೂ ನ್ಯಾಯವಾದವುಗಳೆಂದೂ, ಕನ್ನಡನಾಡಿನ ಯಾವ ಭಾಗಕ್ಕಿಂತಲೂ ಹೆಚ್ಚಾಗಿ ನಮ್ಮ ಭಾಗಕ್ಕೇ ಇವುಗಳಿಂದ ಹಿತವಿದೆಯೆಂದೂ ತೋರಿಸುವುದೇ ನಮ್ಮ ಉದ್ದೇಶ.

ಮೊದಲು ಈ ಕೋಶದ ಸ್ವರೂಪವನ್ನು ತಿಳಿಯತಕ್ಕದ್ದು. ಕನ್ನಡಕ್ಕೆ ವಿಶ್ವಕೋಶವೆಂಬುದು ಹೊಸ ವಸ್ತುವಲ್ಲ. ಶಿವರಾಮ ಕಾರಂತರು ೧೯೩೬ರಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವು ೧೪ ಸಂಪುಟಗಳಲ್ಲಿ ಪೂರ್ಣವಾಯಿತು. ಇವೆಲ್ಲಕ್ಕೂ ಬಾಗಿಲಿನಲ್ಲಿ ಒಬ್ಬ ಸಂಪಾದಕನಿದ್ದನು. ಬರೆಯುವವರಾರು, ಬರೆದದ್ದು ಸರಿಯೇ, ಕದ್ದದ್ದೇ, ಸ್ತುತಿಯೇ ಎಂಬುದನ್ನು ಅವನು ನೋಡಿ ಒಳಗೆ ಬಿಡುತ್ತಿದ್ದನು. ೨೦೦೧ರ ಜನವರಿ ೧೫ರಂದು ಇಂಗ್ಲಿಷಿನಲ್ಲಿ ಆರಂಭವಾದ, ೨೦೦೩ರಲ್ಲಿ ಕನ್ನಡಕ್ಕೆ ಬಂದ ವಿಕಿಪೀಡಿಯದಲ್ಲಿ ಹಾಗಲ್ಲ. ಇಲ್ಲಿ ಬಾಗಿಲೇ ಇಲ್ಲ. ಶಾಲೆಯ ಹುಡುಗನೂ ಬರೆಯಬಹುದು, ಕುಲಪತಿಯೂ ಬರೆಯಬಹುದು; ಬರೆದ ಕ್ಷಣದಲ್ಲಿಯೇ ಅದು ಲೋಕಕ್ಕೆ ಕಾಣುತ್ತದೆ. ಇಂಗ್ಲಿಷಿನಲ್ಲಿ ೭೦ ಲಕ್ಷಕ್ಕೂ ಮೇಲ್ಪಟ್ಟ ಲೇಖನಗಳೂ ಕನ್ನಡದಲ್ಲಿ ೩೦,೦೦೦ಕ್ಕೂ ಮೇಲ್ಪಟ್ಟ ಲೇಖನಗಳೂ ಈ ರೀತಿಯಲ್ಲಿಯೇ ಕೂಡಿಬಂದಿವೆ. ಬಾಗಿಲಿಲ್ಲದ ಮನೆಗೆ ಕಾವಲು ಯಾವುದು? ನಿಯಮವೇ ಕಾವಲು. ಹಳೆಯ ಕೋಶಗಳಲ್ಲಿ ಸಂಪಾದಕನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಿಯಮಗಳು ಮಾಡುತ್ತವೆ. ಅವುಗಳನ್ನು ತೆಗೆದು ಹಾಕಿರೆನ್ನುವವರು ಸಂಪಾದಕನಿಲ್ಲದ ಗ್ರಂಥವನ್ನು ಕೇಳುತ್ತಿದ್ದಾರೆಂದೇ ಅರ್ಥ.

ಇನ್ನು ಮೊದಲನೆಯ ನಿಯಮ. ಇದಕ್ಕೆ ಎದುರಾಗಿ ಹೇಳಲ್ಪಡುವ ದೊಡ್ಡ ಮಾತು ಇದು: “ವಿದ್ಯೆಯು ದಾನಮಾಡತಕ್ಕ ವಸ್ತು, ನಮ್ಮ ಪೂರ್ವಿಕರಿಗೆ ಗ್ರಂಥಸ್ವಾಮ್ಯವೆಂಬುದೇ ಗೊತ್ತಿರಲಿಲ್ಲ, ಇದು ಪಶ್ಚಿಮದ ವ್ಯಾಪಾರಿಗಳ ಕಲ್ಪನೆ.” ಕೇಳಲು ಇಂಪಾದ ಮಾತು; ಆದರೆ ಅರ್ಧ ಸತ್ಯ. ಗ್ರಂಥದಿಂದ ಹಣ ಮಾಡುವ ಹಕ್ಕಿನ ಕಾಯಿದೆ ಪೂರ್ವಿಕರಿಗೆ ಇರಲಿಲ್ಲವೆಂಬುದು ನಿಜ. ಆದರೆ ಪರರ ಮಾತನ್ನು ತನ್ನದೆಂದು ತೋರಿಸುವುದು ಕಳ್ಳತನವೆಂಬ ವಿವೇಕವು ಅವರಿಗೆ ಚೆನ್ನಾಗಿಯೇ ಇತ್ತು. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳ ಬಗೆಗಳನ್ನು ಹೆಸರಿಟ್ಟು ವಿಂಗಡಿಸಿ ಅಧ್ಯಾಯಗಳನ್ನೇ ಬರೆದನು, ಯಾವ ಹರಣವು ಸಹ್ಯ, ಯಾವುದು ಅಸಹ್ಯ ಎಂಬ ವಿವೇಚನೆ ಅಲ್ಲಿದೆ. ನಮ್ಮ ಶರಣರ ವಚನಗಳಿಗೆ ಅಂಕಿತವೆಂಬುದು ಏಕಿದೆ? ಈ ನುಡಿಯು ಇಂಥವರದು ಎಂದು ತಿಳಿಯಲೆಂದೇ ಅಲ್ಲವೇ? ಒಬ್ಬರ ವಚನಕ್ಕೆ ಇನ್ನೊಬ್ಬರ ಅಂಕಿತವನ್ನು ಅಂಟಿಸುವುದನ್ನು ಯಾವ ಮಠದಲ್ಲಿಯೂ ವಿದ್ಯಾದಾನವೆಂದು ಕರೆದದ್ದಿಲ್ಲ.

ಈ ಕುರಿತು ನಮ್ಮ ಜಿಲ್ಲೆಯ ಉದಾಹರಣೆಯೇ ಎಲ್ಲಕ್ಕಿಂತ ಒಳ್ಳೆಯದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ಹುಟ್ಟಿತು. ಅದು ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹುವಾಗಿ ಋಣಿಯಾದ ಗ್ರಂಥವೆಂಬುದನ್ನು ವಿದ್ವಾಂಸರೆಲ್ಲರೂ ಬಲ್ಲರು. ಆದರೆ ಶ್ರೀವಿಜಯನು ದಂಡಿಯಿಂದ ಪಡೆದದ್ದನ್ನು ಕನ್ನಡದ ಮಣ್ಣಿನಲ್ಲಿ ನೆಟ್ಟು, ಕನ್ನಡನಾಡಿನ ಎಲ್ಲೆಯನ್ನೂ ಕನ್ನಡ ಜನರ ಗುಣವನ್ನೂ ಕನ್ನಡ ಕಾವ್ಯದ ಭೇದಗಳನ್ನೂ ಸೇರಿಸಿ, ಹೊಸ ಗ್ರಂಥವನ್ನಾಗಿ ಮಾಡಿದನು. ಪಡೆಯುವುದಕ್ಕೂ ಎತ್ತಿಕೊಂಡು ಹೋಗುವುದಕ್ಕೂ ಇರುವ ಅಂತರವು ಇದೇ. ವಿಕಿಪೀಡಿಯವು ಹೊಸ ಲೇಖಕನಿಂದ ಕೇಳುವುದು ಶ್ರೀವಿಜಯನ ಮಾರ್ಗವನ್ನು: ಹತ್ತು ಗ್ರಂಥಗಳನ್ನು ಓದು, ಸಂಗತಿಗಳನ್ನು ಗ್ರಹಿಸು, ನಿನ್ನ ಮಾತಿನಲ್ಲಿ ಬರೆ, ಯಾರಿಂದ ತಿಳಿದೆಯೋ ಅವರ ಹೆಸರನ್ನು ಹೇಳು. ಇದರಲ್ಲಿ ಪಶ್ಚಿಮದ್ದೇನಿದೆ?

ಕಾಯಿದೆಯೂ ಇದನ್ನೇ ಹೇಳುತ್ತದೆ. ಸಂಗತಿಗೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ಮಾತಿಗೆ ಸ್ವಾಮ್ಯವುಂಟು ಎಂಬ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರ್. ಜಿ. ಆನಂದ್ ಅವರ ನಾಟಕಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು ೧೩೬೭ರಲ್ಲಿ ಕಟ್ಟಲ್ಪಟ್ಟಿತು, ತೆರೆದ ಅಂಗಳವಿಲ್ಲದೆ ಸಂಪೂರ್ಣವಾಗಿ ಛಾವಣಿಯಿಂದ ಮುಚ್ಚಿರುವುದು ಅದರ ವಿಶೇಷ ಎಂಬ ಸಂಗತಿಯು ಯಾರೊಬ್ಬರ ಸೊತ್ತೂ ಅಲ್ಲ, ಯಾರೂ ಬರೆಯಬಹುದು. ಆದರೆ ಅದನ್ನು ಬಣ್ಣಿಸಿ ಒಬ್ಬ ವಿದ್ವಾಂಸನು ಬರೆದ ಪುಟವು ಅವನ ಸೊತ್ತು. ಆ ಪುಟವನ್ನು ನಕಲುಮಾಡಿ ಮೂರು ಶಬ್ದಗಳನ್ನು ಬದಲಿಸಿದರೆ ಅದು ನಮ್ಮದಾಗುವುದಿಲ್ಲ. ಕದ್ದ ಎತ್ತಿನ ಕೊಂಬಿಗೆ ಬೇರೆ ಬಣ್ಣ ಬಳಿದಂತಾಗುತ್ತದೆ. ಕೆಳಗೆ ಗ್ರಂಥದ ಹೆಸರನ್ನು ಬರೆದೆವೆಂಬ ಸಮಾಧಾನವೂ ಸಲ್ಲದು. ಎತ್ತು ಯಾರದೆಂದು ಹೇಳಿದ ಮಾತ್ರಕ್ಕೆ ಹೊಡೆದುಕೊಂಡು ಹೋಗುವ ಅನುಮತಿ ದೊರೆತಂತಾಗಲಿಲ್ಲ.

ಈ ಸ್ವಾಮ್ಯವು ಅನಂತಕಾಲದ್ದೂ ಅಲ್ಲ. ೧೯೫೭ರ ಕಾಯಿದೆಯಂತೆ ಅದು ಲೇಖಕನ ಜೀವಿತಕಾಲವೂ ಅವನ ಮರಣಾನಂತರ ೫೦ ವರ್ಷಗಳೂ ಇರುತ್ತಿತ್ತು. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥರ ಕೃತಿಗಳ ಅವಧಿಯು ಮುಗಿಯುತ್ತ ಬಂದಾಗ ನಡೆದ ಚರ್ಚೆಯ ಫಲವಾಗಿ ೧೯೯೨ರಲ್ಲಿ ಅದು ೬೦ ವರ್ಷಗಳಾಯಿತು. ಮರಣದ ಮರುವರ್ಷದ ಆರಂಭದಿಂದ ಈ ಎಣಿಕೆ. ಇದನ್ನು ನಮ್ಮವರಿಗೇ ಅನ್ವಯಿಸಿ ನೋಡೋಣ. ಹೈದರಾಬಾದ ಸಂಸ್ಥಾನದ ಪ್ರಾಚೀನ ಸ್ಮಾರಕಗಳ ವಿಷಯವಾಗಿ ಬರೆದ ಗುಲಾಂ ಯಜ್ದಾನಿಯವರೂ, ಸರ್ವಜ್ಞನ ಪದಗಳನ್ನು ಸಂಪಾದಿಸಿದ ಉತ್ತಂಗಿ ಚನ್ನಪ್ಪನವರೂ ೧೯೬೨ರಲ್ಲಿ ತೀರಿಕೊಂಡರು. ಅವರ ಬರಹಗಳು ೨೦೨೩ರ ಆರಂಭದಿಂದ ಸರ್ವರ ಸೊತ್ತಾಗಿವೆ. ವಚನಪಿತಾಮಹರಾದ ಹಳಕಟ್ಟಿಯವರು ೧೯೬೪ರಲ್ಲಿ ತೀರಿಕೊಂಡರು. ೨೦೨೫ರ ಜನವರಿ ೧ರಿಂದ ಅವರ ಬರಹವೂ ಬಂಧಮುಕ್ತವಾಗಿದೆ. ಬೇಂದ್ರೆಯವರು ತೀರಿಕೊಂಡದ್ದು ೧೯೮೧ರಲ್ಲಿ. ಅವರ ಕವನಗಳನ್ನು ಇಡಿಯಾಗಿ ಎತ್ತಿಡುವವರು ೨೦೪೧ರ ಅಂತ್ಯದವರೆಗೆ ಕಾಯಬೇಕು. ಸರಕಾರದ ಗ್ರಂಥಗಳಿಗೆ ಪ್ರಕಟಣೆಯಿಂದ ೬೦ ವರ್ಷಗಳ ಅವಧಿಯಿದೆ. ಆದಕಾರಣ ೧೯೬೬ರಲ್ಲಿ ಅಚ್ಚಾದ ಗುಲ್ಬರ್ಗಾ ಜಿಲ್ಲಾ ಗ್ಯಾಜೆಟಿಯರಿನ ಮೇಲಣ ಹಕ್ಕು ೨೦೨೬ರ ಡಿಸೆಂಬರ್ ೩೧ರವರೆಗೆ ಸರಕಾರದ್ದು, ಅಲ್ಲಿಂದ ಮುಂದೆ ಸರ್ವರದು. ಬಸವಣ್ಣನವರ ವಚನಕ್ಕೆ ಯಾರ ಸ್ವಾಮ್ಯವೂ ಇಲ್ಲ. ಆದರೆ ಇಂದಿನ ಸಂಪಾದಕನೊಬ್ಬನು ಅದಕ್ಕೆ ಬರೆದ ಪೀಠಿಕೆಗೂ ಟಿಪ್ಪಣಿಗೂ ಸ್ವಾಮ್ಯವುಂಟು. ಇಷ್ಟು ಲೆಕ್ಕವನ್ನು ತಿಳಿಯಲು ವಕೀಲನಾಗಬೇಕಾಗಿಲ್ಲ. ಹತ್ತು ನಿಮಿಷಗಳ ತಾಳ್ಮೆಯಿದ್ದರೆ ಸಾಕು.

ವಿಕಿಪೀಡಿಯದಲ್ಲಿ ಈ ವಿಷಯವು ಇನ್ನೂ ಬಿಗಿಯಾಗಿರುವುದಕ್ಕೆ ಒಂದು ಕಾರಣವಿದೆ; ಅದನ್ನು ಆಕ್ಷೇಪಿಸುವವರು ಗಮನಿಸಿದಂತೆ ತೋರುವುದಿಲ್ಲ. ಅಲ್ಲಿ ಬರೆದದ್ದೆಲ್ಲವೂ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗೆ ಒಳಪಟ್ಟಿರುತ್ತದೆ. ಮೂಲವನ್ನು ಹೆಸರಿಸಿ, ತಾನೂ ಅದೇ ಪರವಾನಗಿಯಲ್ಲಿ ಹಂಚುವುದಾದರೆ, ಯಾರು ಬೇಕಾದರೂ ಅದನ್ನು ಅಚ್ಚುಹಾಕಬಹುದು, ತಿದ್ದಬಹುದು, ಮಾರಲೂಬಹುದು. ಹೀಗಿರಲು, ಪರರ ಪುಸ್ತಕದ ಅಧ್ಯಾಯವನ್ನು ಅಲ್ಲಿ ಇಡುವವನು ಬರಿದೆ ನಕಲುಮಾಡುವವನಲ್ಲ. ತನ್ನದಲ್ಲದ ಹೊಲವನ್ನು ಲೋಕಕ್ಕೆಲ್ಲ ದಾನಪತ್ರ ಬರೆದುಕೊಟ್ಟವನು. ನಮ್ಮ ಭಾಗದ ಸಂಶೋಧಕನ ಸ್ಥಿತಿಯನ್ನು ನೆನೆಯಿರಿ. ಊರೂರು ತಿರುಗಿ ಶಾಸನಗಳನ್ನು ಓದಿ, ಮುದುಕರ ಬಾಯಿಂದ ಕಥೆ ಕೇಳಿ, ಕೈಯಿಂದ ಹಣ ಹಾಕಿ ಕೆಲವು ನೂರು ಪ್ರತಿಗಳನ್ನು ಅಚ್ಚುಮಾಡಿಸಿ, ಅರ್ಧವನ್ನು ಕಾಣಿಕೆಯಾಗಿ ಹಂಚಿ, ಉಳಿದರ್ಧವನ್ನು ಮನೆಯ ಅಟ್ಟದ ಮೇಲೆ ಇಟ್ಟುಕೊಂಡಿರುವನು. ಅವನಿಗೆ ಉಳಿದಿರುವ ಏಕಮಾತ್ರ ಆಸ್ತಿಯು ಆ ಮಾತುಗಳ ಮೇಲಣ ಅವನ ಹೆಸರು. ಅದನ್ನೂ ಕಸಿದುಕೊಂಡು ಅದಕ್ಕೆ ಕನ್ನಡಸೇವೆಯೆಂದು ಹೆಸರಿಡುವುದು ಎಂಥ ಧರ್ಮ?

ಆತುರದ ಫಲವೇನಾಗುತ್ತದೆಂಬುದಕ್ಕೆ ನೆರೆಯ ಪುಣೆಯು ಸಾಕ್ಷಿ. ೨೦೧೧ರಲ್ಲಿ ಅಲ್ಲಿಯ ಕಾಲೇಜುಗಳ ನೂರಾರು ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯಿಸುವ ಪ್ರಯೋಗವು ನಡೆಯಿತು. ಅಂಕಗಳ ಆಸೆಗೆ ಬರೆಯ ಹೊರಟವರಲ್ಲಿ ಬಹುಮಂದಿ ಪಠ್ಯಪುಸ್ತಕಗಳನ್ನೂ ಅಂತರ್ಜಾಲದ ಪುಟಗಳನ್ನೂ ಇದ್ದಕ್ಕಿದ್ದಂತೆ ಸುರಿದರು. ಬೇರೆ ದೇಶಗಳ ಸ್ವಯಂಸೇವಕರು ಹಗಲಿರುಳು ಕುಳಿತು ಕದ್ದದ್ದನ್ನು ಹೆಕ್ಕಿ ತೆಗೆಯಬೇಕಾಯಿತು. ಆ ವರ್ಷವೇ ಪ್ರಯೋಗವು ನಿಂತುಹೋಯಿತು. ತಪ್ಪು ಹುಡುಗರದು ಮಾತ್ರವೆನ್ನಲಾರೆವು. ನಕಲುಮಾಡುವುದು ತಪ್ಪೆಂದು ಅವರಿಗೆ ಹದಿನೈದು ವರ್ಷಗಳ ಶಿಕ್ಷಣದಲ್ಲಿ ಒಬ್ಬರೂ ಮನಮುಟ್ಟುವಂತೆ ಹೇಳಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಮಾತ್ರ ಇದಕ್ಕಿಂತ ಬೇರೆಯಾದ ಪರಿಸ್ಥಿತಿಯಿದೆಯೆಂದು ಎದೆಮುಟ್ಟಿ ಹೇಳಬಲ್ಲ ಅಧ್ಯಾಪಕರು ಎಷ್ಟು ಮಂದಿ?

ಇದಕ್ಕೆ ಎದುರಾಗಿ ಸನ್ಮಾರ್ಗದ ದೃಷ್ಟಾಂತವೂ ನಮ್ಮಲ್ಲಿಯೇ ಇದೆ. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಸಂಪುಟಗಳನ್ನು ತಾನಾಗಿ ಮುಕ್ತ ಪರವಾನಗಿಗೆ ಒಪ್ಪಿಸಿತು. ಆ ದಿನಗಳಲ್ಲಿಯೇ ನಿರಂಜನರ ಕೃತಿಗಳನ್ನೂ ಅವರ ವಾರಸುದಾರರು ಹಾಗೆಯೇ ಬಿಡುಗಡೆ ಮಾಡಿದರು. ಇದು ದಾನ. ಒಡೆಯನು ಕೈಯೆತ್ತಿ ಕೊಟ್ಟದ್ದು ದಾನ. ಒಡೆಯನು ಮಲಗಿರುವಾಗ ಕೊಂಡುಹೋದದ್ದು ಬೇರೆ. ವಿದ್ಯಾದಾನದ ಮಾತಾಡುವವರು ಮೊದಲು ತಮ್ಮ ಪುಸ್ತಕಗಳನ್ನು ದಾನಮಾಡಲಿ. ಅದಕ್ಕೆ ಬೇಕಾದದ್ದು ಒಂದು ಲಿಖಿತ ಒಪ್ಪಿಗೆ ಮಾತ್ರ. ಚಿತ್ರಗಳ ಮಾತೂ ಹೀಗೆಯೇ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಎತ್ತಿಡುವ ಬದಲು ಸಾರ್ವಜನಿಕ ಸ್ಥಳದಲ್ಲಿರುವ ಗುಮ್ಮಟವನ್ನೋ ಗುಡಿಯನ್ನೋ ತಾವೇ ಹೋಗಿ ತೆಗೆದು ಕೊಡಬಹುದು. ಕಾಯಿದೆಯು ಅದಕ್ಕೆ ಅವಕಾಶವನ್ನಿತ್ತಿದೆ.

ಈಗ ಎರಡನೆಯ ನಿಯಮಕ್ಕೆ ಬರೋಣ. “ನನ್ನ ವಿಷಯವು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂಬುದು ಇಲ್ಲಿಯ ಪೂರ್ವಪಕ್ಷ. ಗೊತ್ತಿರುವುದು ನಿಜ, ಗೊತ್ತಿರುವುದನ್ನೆಲ್ಲ ಹೇಳುವಿರೆಂಬುದು ನಿಜವಲ್ಲ. ನಮ್ಮ ಇತಿಹಾಸದ ಪ್ರಸಿದ್ಧ ದಾಖಲೆಯೊಂದನ್ನು ತೆಗೆದುಕೊಳ್ಳೋಣ. ಐಹೊಳೆಯ ಮೇಗುತಿ ಜಿನಾಲಯದ ಶಾಸನವನ್ನು ಕ್ರಿ. ಶ. ೬೩೪ರಲ್ಲಿ ರವಿಕೀರ್ತಿಯು ಬರೆದನು. ಅದರಲ್ಲಿ ತನ್ನ ಒಡೆಯನಾದ ಇಮ್ಮಡಿ ಪುಲಕೇಶಿಯು ಹರ್ಷನನ್ನು ಜಯಿಸಿದುದನ್ನು ಹೊಗಳಿರುವನು. ಆ ಜಿನಾಲಯವನ್ನು ಕಟ್ಟಿಸಿದವನು ತಾನೇ ಎಂದಿರುವನು. ಕೊನೆಗೆ ತನ್ನ ಕೀರ್ತಿಯು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮಾನವೆಂದೂ ಹೇಳಿಕೊಂಡಿರುವನು. ಒಡೆಯನ ಸ್ತುತಿ, ಸ್ವಕಾರ್ಯದ ವರದಿ, ಆತ್ಮಪ್ರಶಂಸೆ ಎಂಬ ಮೂರೂ ಒಂದೇ ಕಲ್ಲಿನಲ್ಲಿ! ಇತಿಹಾಸಕಾರನು ಇದರಲ್ಲಿ ಯಾವುದನ್ನು ನಂಬುತ್ತಾನೆ? ಪುಲಕೇಶಿಯ ಜಯವನ್ನು ನಂಬುತ್ತಾನೆ. ಏಕೆಂದರೆ ಹರ್ಷನ ಸ್ನೇಹಿತನೇ ಆಗಿದ್ದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನೂ, ಹರ್ಷನಿಗೆ ಈ ಅರಸನನ್ನು ಅಧೀನಪಡಿಸಿಕೊಳ್ಳಲಾಗಲಿಲ್ಲವೆಂದು ಬರೆದಿಟ್ಟನು. ಆದರೆ ರವಿಕೀರ್ತಿಯು ಕಾಳಿದಾಸನಿಗೆ ಸಮಾನನೆಂಬುದಕ್ಕೆ ರವಿಕೀರ್ತಿಯನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಆದಕಾರಣ ಅದನ್ನು ಕೇಳಿ ನಾವು ಮುಗುಳ್ನಕ್ಕು ಮುಂದೆ ಹೋಗುತ್ತೇವೆ.

ವಿಕಿಪೀಡಿಯದ ನಿಯಮದ ತಿರುಳೆಲ್ಲವೂ ಈ ಮುಗುಳ್ನಗೆಯಲ್ಲಿ ಅಡಗಿದೆ. ಪಕ್ಷದವನ ಮಾತು ಸುಳ್ಳೆಂದು ಅದು ಹೇಳುವುದಿಲ್ಲ; ಪಕ್ಷದವನ ಮಾತಿಗೆ ಹೊರಗಿನವನ ಸಾಕ್ಷಿ ಬೇಕೆಂದು ಹೇಳುತ್ತದೆ, ಅಷ್ಟೇ. ಇಂಥ ಸಂಬಂಧವುಳ್ಳವನ ಬಾಯನ್ನೂ ಅದು ಕಟ್ಟುವುದಿಲ್ಲ. ಪ್ರತಿಯೊಂದು ಲೇಖನಕ್ಕೂ ಒಂದು ಚರ್ಚಾಪುಟವಿದೆ. “ನಾನು ಈ ಸಂಸ್ಥೆಯ ನೌಕರನು, ಇಲ್ಲಿ ಸ್ಥಾಪನೆಯ ವರ್ಷವು ತಪ್ಪಾಗಿದೆ, ಸರಿಯಾದದ್ದಕ್ಕೆ ಆಧಾರವು ಇದು” ಎಂದು ಅಲ್ಲಿ ಬರೆದರೆ ಸಂಬಂಧವಿಲ್ಲದವರು ನೋಡಿ ತಿದ್ದುತ್ತಾರೆ. ಹಣ ಪಡೆದು ಬರೆಯುವವನಾದರೆ ಯಾರಿಂದ ಪಡೆದನೆಂಬುದನ್ನು ಹೇಳಲೇಬೇಕೆಂದು ೨೦೧೪ರಿಂದ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ಷರತ್ತಿನಲ್ಲಿಯೇ ಸೇರಿಸಲ್ಪಟ್ಟಿದೆ. ಪಂಚಾಯತಿಯಲ್ಲಿ ತನ್ನ ಅಳಿಯನ ಗುತ್ತಿಗೆಯ ವಿಷಯವು ಬಂದಾಗ ಮರ್ಯಾದಸ್ಥನಾದ ಸದಸ್ಯನು ಎದ್ದು ಹೊರಗೆ ಹೋಗುವನಲ್ಲವೇ? ಅದೇ ಮರ್ಯಾದೆ ಇದು.

ಈ ಮರ್ಯಾದೆಯನ್ನು ಮೀರಿದರೆ ಆಗುವ ಕೇಡು ಸಾಮಾನ್ಯವಲ್ಲ. ೨೦೧೫ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೂಟಕಟ್ಟಿ ಹಣಕ್ಕಾಗಿ ಬರೆಯುತ್ತಿದ್ದ ೩೮೧ ಖಾತೆಗಳನ್ನು ಒಮ್ಮೆಗೇ ಬಂದುಮಾಡಬೇಕಾಯಿತು. ಚಿಕ್ಕ ವ್ಯಾಪಾರಿಗಳ ಲೇಖನಗಳನ್ನು “ಕಾಪಾಡುತ್ತೇವೆ” ಎಂದು ಹೇಳಿ ಆ ಕೂಟವು ಅವರಿಂದಲೇ ಹಣ ಕೀಳುತ್ತಿತ್ತು. ಅದೇ ವರ್ಷ, ಭಾರತದ ಒಂದು ಖಾಸಗಿ ವ್ಯವಹಾರಶಿಕ್ಷಣ ಸಂಸ್ಥೆಯ ಲೇಖನವನ್ನು ಬಹುಕಾಲ ಅದರ ಪಕ್ಷಕ್ಕೆ ಅನುಕೂಲವಾಗಿ ತಿದ್ದುತ್ತಿದ್ದ ಹಿರಿಯ ಸದಸ್ಯನೊಬ್ಬನನ್ನು ಅಲ್ಲಿಯ ಮಧ್ಯಸ್ಥ ಸಮಿತಿಯು ಬಹಿಷ್ಕರಿಸಿತು. ವಿಶ್ವಕೋಶದ ಪುಟವನ್ನು ನೋಡಿ ಕಾಲೇಜನ್ನು ಆರಿಸಿಕೊಂಡು, ಹೊಲವನ್ನು ಒತ್ತೆಯಿಟ್ಟು ಶುಲ್ಕ ಕಟ್ಟುವ ತಂದೆಯ ಗತಿಯೇನು? ಸ್ತುತಿಯು ನಿರಪಾಯಕರವಾದ ಅಲಂಕಾರವೆಂದು ತಿಳಿಯುವವರು ಈ ತಂದೆಯನ್ನು ನೆನೆಯಬೇಕು.

ನಮ್ಮ ನೆರೆಯ ಕಮಲಾಪುರದ ಮಾತನ್ನೇ ಹೇಳೋಣ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚನೆಯ ಮನ್ನಣೆಯುಂಟು; ಕಲಬುರಗಿಯ ತೊಗರಿಬೇಳೆಗೂ ೨೦೧೯ರಲ್ಲಿ ಅದು ದೊರೆಯಿತು. ಕಮಲಾಪುರದವನು ಕಮಲಾಪುರದ ವಿಷಯವಾಗಿ ಬರೆಯಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ; ಊರಿನ ಮೇಲಣ ಪ್ರೀತಿಯು ಸ್ವಹಿತಸಂಘರ್ಷವಲ್ಲ. ಬಾಳೆ ಬೆಳೆಯುವ ರೈತನು ನೆಲದ ಗುಣವನ್ನೂ ಬೆಳೆಯ ಕ್ರಮವನ್ನೂ ಕೃಷಿ ವಿಜ್ಞಾನಿಗಳ ಪ್ರಕಟಣೆಗಳ ಆಧಾರದೊಡನೆ ಬರೆದರೆ ಅವನಿಗೆ ನಮಸ್ಕಾರ. ಆದರೆ ಅದೇ ಪುಟದಲ್ಲಿ ತನ್ನ ಅಂಗಡಿಯ ಹೆಸರನ್ನೂ ದೂರವಾಣಿಯನ್ನೂ ಸೇರಿಸುವವನು ಅದನ್ನು ಜಾಹೀರಾತಿನ ಹಲಗೆಯನ್ನಾಗಿ ಮಾಡುತ್ತಾನೆ. ಇನ್ನೊಂದು ಕಮಲಾಪುರವು ಹಂಪೆಯ ಬಳಿಯಲ್ಲಿದೆ. ಅಲ್ಲಿಯ ವಸ್ತುಸಂಗ್ರಹಾಲಯವು ಪ್ರಸಿದ್ಧವಾದದ್ದು. ಎರಡೂ ಊರುಗಳನ್ನು ಒಂದೇ ಎಂದು ತಿಳಿದು ನಕಲುಮಾಡುವವನು ವಿಜಯನಗರದ ಕೆರೆಯನ್ನು ಕಲಬುರಗಿ ಜಿಲ್ಲೆಗೆ ತಂದು ಕಟ್ಟಿಬಿಡಬಲ್ಲನು. ಆಧಾರವನ್ನು ಕೇಳುವ ನಿಯಮವಿಲ್ಲದಿದ್ದರೆ ಇದನ್ನು ತಡೆಯುವವರಾರು?

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ಅದು ಮಿಕ್ಕೆಲ್ಲಕ್ಕಿಂತ ಬಲವಾದದ್ದು. “ಮುದ್ರಿತವಾದ, ಸ್ವತಂತ್ರವಾದ ಆಧಾರಗಳನ್ನು ಕೇಳುವಿರಿ. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿ, ಉರ್ದುವೇ ರಾಜಭಾಷೆಯಾಗಿದ್ದ ಕಾಲದಲ್ಲಿ, ಕನ್ನಡದ ಶಾಲೆಗೂ ಮುದ್ರಣಕ್ಕೂ ಪ್ರೋತ್ಸಾಹವಿಲ್ಲದೆ ಬೆಳೆದ ನಮ್ಮ ಭಾಗದಲ್ಲಿ ಅವು ಎಲ್ಲಿಂದ ಬರಬೇಕು? ನಮ್ಮ ಜ್ಞಾನವು ಹಾಡಿನಲ್ಲಿ, ಮೊಹರಂ ಪದಗಳಲ್ಲಿ, ಜಾತ್ರೆಯ ಕಥೆಗಳಲ್ಲಿ ಇದೆ. ಮೈಸೂರಿನವರಿಗೆ ಸುಲಭವಾದ ನಿಯಮವು ನಮ್ಮನ್ನು ಹೊರಗಿಡುತ್ತದೆ.” ಈ ಮಾತಿನಲ್ಲಿರುವ ನೋವು ನಿಜವಾದದ್ದು, ಅದನ್ನು ಅಲ್ಲಗಳೆಯುವುದು ನಮ್ಮಿಂದಾಗದು. ಆದರೆ ಇದಕ್ಕೆ ಮದ್ದು ಯಾವುದು? ಆಧಾರವಿಲ್ಲದೆ ಬರೆಯುವುದೇ ಮದ್ದೆಂದರೆ, ನಾವು ಬರೆದ ನಿಜವೂ ಇನ್ನೊಬ್ಬನು ಬರೆದ ಸುಳ್ಳೂ ಒಂದೇ ಬೆಲೆಗೆ ಮಾರಾಟವಾಗುತ್ತವೆ. ಆಗ ಸೋಲುವವರು ಬಡವರಾದ ನಾವೇ. ಬರೆಯದೆ ಉಳಿದದ್ದನ್ನು ಮೊದಲು ಬರೆದು ಅಚ್ಚುಹಾಕುವುದೇ ನಿಜವಾದ ಮದ್ದು. ಹಾಡಿದವರ ಹೆಸರು, ಊರು, ಕೇಳಿದ ದಿನಾಂಕಗಳೊಡನೆ ಒಂದು ಮೊಹರಂ ಪದವು ಇಂಥ ಮಾಸಪತ್ರಿಕೆಯಲ್ಲಿ ಪ್ರಕಟವಾದರೆ, ನಾಳೆ ಅದನ್ನು ಆಧಾರವಾಗಿ ತೋರಿಸಿ ಬೇರೆ ಯಾರೇ ಆಗಲಿ ವಿಶ್ವಕೋಶದಲ್ಲಿ ಬರೆಯಬಹುದು.

ಆದರೆ ನಾವು ಅಚ್ಚುಹಾಕುತ್ತಿರುವುದೇನು? ಇಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಮಾತಾಡಬೇಕಾಗಿದೆ. ಅಭಿನಂದನ ಗ್ರಂಥಗಳು, ಸಂಸ್ಮರಣ ಸಂಚಿಕೆಗಳು, ಷಷ್ಟ್ಯಬ್ದಿಯ ಕಾಣಿಕೆಗಳು! ಮುನ್ನೂರು ಪುಟಗಳ ಗ್ರಂಥದಲ್ಲಿ ಆ ಮಹನೀಯರು ಸರಳರು, ಸಜ್ಜನರು, ಸಮಾಜದ ಕಣ್ಮಣಿಗಳು ಎಂದು ಮೂವತ್ತು ಮಂದಿ ಮೂವತ್ತು ರೀತಿಯಲ್ಲಿ ಹೇಳಿರುತ್ತಾರೆ. ಅವರು ಯಾವ ಶಾಲೆಯನ್ನು ಯಾವ ವರ್ಷ ಕಟ್ಟಿದರು, ಎಷ್ಟು ಮಕ್ಕಳು ಅಲ್ಲಿ ಓದಿದರು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಇಂಥ ಗ್ರಂಥವನ್ನು ಆಧಾರವೆಂದು ವಿಕಿಪೀಡಿಯದವರು ಒಪ್ಪದಿದ್ದರೆ ದೋಷವು ಅವರದಲ್ಲ. ವಂದಿಮಾಗಧರ ವೃತ್ತಿಯು ಅರಮನೆಗಳೊಡನೆ ಮುಗಿಯಿತೆಂದು ತಿಳಿದಿದ್ದೆವು. ಅದು ನಮ್ಮ ಮುದ್ರಣಾಲಯಗಳಿಗೆ ವಲಸೆ ಬಂದಿದೆ. ಈಗ ಅಲ್ಲಿಂದ ಅಂತರ್ಜಾಲಕ್ಕೂ ಹೋಗಬೇಕೆಂದು ಹವಣಿಸುತ್ತಿದೆ. ಅದನ್ನು ಬಾಗಿಲಲ್ಲಿ ತಡೆದದ್ದಕ್ಕೆ ಈ ಕೋಪವೆಲ್ಲ.

ಪಕ್ಷಪಾತವಿಲ್ಲದೆ ಇನ್ನೊಂದು ಮಾತನ್ನೂ ಹೇಳಬೇಕು. ನಿಯಮವು ನ್ಯಾಯವಾದುದೆಂದ ಮಾತ್ರಕ್ಕೆ ಅದನ್ನು ನಡೆಸುವವರೆಲ್ಲರೂ ನ್ಯಾಯವಂತರೆಂದು ಅರ್ಥವಲ್ಲ. ಹೊಸಬನು ಅಂಜುತ್ತಂಜುತ್ತ ಬರೆದದ್ದನ್ನು ಕಾರಣ ಹೇಳದೆ ಅಳಿಸುವುದೂ, ಇಂಗ್ಲಿಷಿನಿಂದ ಅಡ್ಡಾದಿಡ್ಡಿಯಾಗಿ ಅನುವಾದಿಸಿದ ಎಚ್ಚರಿಕೆಯ ಫಲಕವನ್ನು ಅವನ ಮುಖಕ್ಕೆ ಹಿಡಿಯುವುದೂ ಹಿರಿಯರಿಗೆ ತಕ್ಕ ನಡತೆಯಲ್ಲ. ತಪ್ಪು ಮಾಡಿದವನು ಕಳ್ಳನೋ ತಿಳಿಯದವನೋ ಎಂಬುದನ್ನು ವಿವೇಚಿಸಿ, ತಿಳಿಯದವನಿಗೆ ತಿಳಿಗನ್ನಡದಲ್ಲಿ ತಿಳಿಸಿಹೇಳುವುದು ನಿಯಮಪಾಲಕರ ಮೊದಲ ಕರ್ತವ್ಯ. ಅಲ್ಲದೆ ಸಂಖ್ಯೆಯ ವ್ಯಾಮೋಹವನ್ನೂ ಅವರು ಬಿಡಬೇಕು. ಸುಮಾರು ೨೦೦೯ರಿಂದ ೨೦೧೧ರವರೆಗೆ ಗೂಗಲ್ ಸಂಸ್ಥೆಯು ಸಂಬಳದ ಅನುವಾದಕರಿಂದ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಲೇಖನಗಳನ್ನು ತುಂಬಿಸಿತು. ಕನ್ನಡಕ್ಕೂ ಅವು ರಾಶಿಯಾಗಿ ಬಂದವು. ಉದ್ದವೇನೋ ಇದ್ದವು, ಆದರೆ ಓದಿದವರಿಗೆ ಕನ್ನಡವೆಂದು ತೋರದ ವಾಕ್ಯಗಳು ಅವುಗಳಲ್ಲಿ ಹೇರಳವಾಗಿದ್ದವು. ಬಂಗಾಳಿಯವರು ಅಂಥವನ್ನು ಬೇಡವೆಂದರು. ಕಣಜವು ತುಂಬಿದರೆ ಸಾಲದು. ತುಂಬಿದ್ದು ಕಾಳೋ ಹೊಟ್ಟೋ ಎಂಬುದನ್ನು ನೋಡಬೇಕು.

ಇದೆಲ್ಲವೂ ಪಂಡಿತರ ಹರಟೆಯೆಂದು ಯಾರೂ ತಿಳಿಯಬಾರದು. ಇಂದು ಕಮಲಾಪುರದ ಪ್ರೌಢಶಾಲೆಯ ಬಾಲಕಿಯು ತನ್ನ ಊರಿನ ವಿಷಯವನ್ನು ತಿಳಿಯಬೇಕಾದರೆ ಮೊದಲು ನೋಡುವುದು ಕೈಯಲ್ಲಿರುವ ಫೋನಿನಲ್ಲಿ. ಕೇಳಿದ ಪ್ರಶ್ನೆಗೆ 즉ಕ್ಷಣವೇ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ; ಅವು ಕಲಿತ ಪಾಠಗಳಲ್ಲಿ ವಿಕಿಪೀಡಿಯವು ಪ್ರಮುಖವಾದದ್ದು. ಕನ್ನಡದಲ್ಲಿ ಅವಕ್ಕೆ ದೊರೆಯುವ ಬರಹವೇ ಅಲ್ಪ. ಆ ಅಲ್ಪದಲ್ಲಿ ಒಂದು ಸುಳ್ಳು ಸೇರಿದರೆ ಅದು ಸಾವಿರ ಬಾಯಿಗಳಿಂದ ಹೊರಬರುತ್ತದೆ. ಪತ್ರಿಕೆಯು ವಿಕಿಪೀಡಿಯವನ್ನು ನೋಡಿ ಬರೆಯುತ್ತದೆ. ವಿಕಿಪೀಡಿಯವು ಆ ಪತ್ರಿಕೆಯನ್ನೇ ಆಧಾರವೆಂದು ತೋರಿಸುತ್ತದೆ. ಹೀಗೆ ಸುಳ್ಳು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ವರ್ತುಲವಾಗುತ್ತದೆ. ಅನೇಕ ಶತಮಾನಗಳ ಕಾಲ ಪರರೇ ನಮ್ಮ ಕಥೆಯನ್ನು ಬರೆದರು. ಈಗ ನಾವೇ ಬರೆಯುವ ಕಾಲವು ಬಂದಿರುವಾಗ, ಮೊದಲ ಪುಟದಲ್ಲಿಯೇ ಕಳವನ್ನೂ ಹೊಗಳಿಕೆಯನ್ನೂ ಬರೆದಿಡುವುದೇ?

ಆದಕಾರಣ ವಿದ್ಯಾವಂತ ಕುಟುಂಬಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಬರೆಯಿರಿ, ಬರೆಯದಿರುವುದು ಎಲ್ಲಕ್ಕಿಂತ ದೊಡ್ಡ ದೋಷ. ಆದರೆ ತಂದೆಯವರ ಜೀವನಚರಿತ್ರೆಯಿಂದ ಆರಂಭಿಸಬೇಡಿರಿ. ನಿಮಗೆ ಸಂಬಂಧವಿಲ್ಲದ ಒಂದು ಹಳ್ಳಿಯ ಕೆರೆಯಿಂದಲೋ, ಸನ್ನತಿಯ ಅಶೋಕನ ಶಾಸನದಿಂದಲೋ ಆರಂಭಿಸಿರಿ. ಪುಸ್ತಕವನ್ನು ಓದಿ ಮುಚ್ಚಿಟ್ಟು, ಆಮೇಲೆ ನಿಮ್ಮ ಮಾತಿನಲ್ಲಿ ಬರೆಯಿರಿ. ತೆರೆದ ಪುಸ್ತಕದ ಮುಂದೆ ಕುಳಿತವನ ಕೈಯು ತಾನಾಗಿ ನಕಲುಮಾಡುತ್ತದೆ. ಪ್ರತಿಯೊಂದು ಸಂಗತಿಗೂ ಪುಟಸಂಖ್ಯೆಯ ಸಮೇತ ಆಧಾರವನ್ನು ಕೊಡಿರಿ. ನಿಮ್ಮ ಸಂಸ್ಥೆಯ ಪುಟದಲ್ಲಿ ತಪ್ಪಿದ್ದರೆ ನಿಮ್ಮ ಸಂಬಂಧವನ್ನು ಹೇಳಿ ಚರ್ಚಾಪುಟದಲ್ಲಿ ತಿಳಿಸಿರಿ. ಮನೆಯಲ್ಲಿ ಹಿರಿಯರ ಅಪ್ರಕಟಿತ ಬರಹಗಳಿದ್ದರೆ, ಹಕ್ಕುಳ್ಳವರೆಲ್ಲರೂ ಕೂಡಿ ಒಪ್ಪಿಗೆಯನ್ನು ಬರೆದುಕೊಟ್ಟು ಅವುಗಳನ್ನು ಲೋಕಕ್ಕೆ ದಾನಮಾಡಿರಿ.

ನಮ್ಮ ಕಲಬುರಗಿಯು ೧೯೨೮, ೧೯೪೯, ೧೯೮೭, ೨೦೨೦ ಎಂದು ನಾಲ್ಕು ಸಲ ಕನ್ನಡ ಸಾಹಿತ್ಯ ಸಮ್ಮೇಲನವನ್ನು ನಡೆಯಿಸಿದ ಊರು. ಕನ್ನಡಕ್ಕೆ ಉಪಲಬ್ಧವಾದ ಗ್ರಂಥಗಳಲ್ಲಿ ಮೊದಲನೆಯದನ್ನು ಕೊಟ್ಟ ನೆಲವು ನಮ್ಮದು. ಆ ಗ್ರಂಥವು ಕಥೆಯಲ್ಲ, ಸ್ತೋತ್ರವಲ್ಲ. ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬ ನಿಯಮಗಳ ಗ್ರಂಥ. ಅದರ ಮೊದಲನೆಯ ಪರಿಚ್ಛೇದವೇ ದೋಷಗಳ ವಿವೇಚನೆ. ಗುಣಕ್ಕಿಂತ ಮೊದಲು ದೋಷವನ್ನು ತಿಳಿದುಕೊಳ್ಳಬೇಕೆಂದು ಸಾವಿರದ ನೂರು ವರ್ಷಗಳಿಗೂ ಹಿಂದೆ ಕನ್ನಡಿಗರಿಗೆ ಕಲಿಸಿದ ನೆಲದವರು, ಇಂದು ಎರಡು ನಿಯಮಗಳನ್ನು ಕಂಡು ಗೊಣಗುವುದು ನಗೆಗೀಡು. ಆ ಹಳೆಯ ಮಾರ್ಗವನ್ನೇ ಹಿಡಿದು ನಡೆದರೆ ಹೊಸ ಕೋಶದಲ್ಲಿಯೂ ನಮಗೆ ಎಡವಾಗದು. ಇತ್ಯಲಂ.